ಎಂಟು ಪೋರ್ಟ್, 120 ವ್ಯಾಟ್: ಮಂಡ್ಯದ ನಮ್ಮ ಛತ್ರದಲ್ಲಿ ಒಂದು ಪಿಒಇ ಸ್ವಿಚ್

ಸಂಜೆ ಆರೂ ಮುಕ್ಕಾಲು ಆಗುತ್ತಿದ್ದ ಹಾಗೆ ನಮ್ಮ ಛತ್ರದ ಪಾರ್ಕಿಂಗ್ ಕ್ಯಾಮೆರಾ ಹೋಗಿಬಿಡುತ್ತಿತ್ತು. ಎರಡು ನಿಮಿಷಕ್ಕೆ ವಾಪಸ್ ಬರುತ್ತಿತ್ತು. ಮತ್ತೆ ಹೋಗುತ್ತಿತ್ತು. ರಾತ್ರಿಯೆಲ್ಲ ಇದೇ ಆಟ. ಬೆಳಿಗ್ಗೆ ಆರೂವರೆ ಆದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸಂಜೆವರೆಗೂ ಗಟ್ಟಿಯಾಗಿ ನಿಲ್ಲುತ್ತಿತ್ತು. "ಅದ್ಕೆ ಇರುಳುಗಣ್ಣು ಬುಡಿ ಸಾಮಿ" ಅಂದರು ನಮ್ಮ ಕಾವಲಿನವರು. ತಮಾಷೆಗೆ ಹೇಳಿದ್ದು. ಆಮೇಲೆ ನೋಡಿದರೆ ಅರ್ಧ ಉತ್ತರ ಅದರಲ್ಲೇ ಇತ್ತು.

ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಛತ್ರ ಇರುವುದು ಮಂಡ್ಯದಲ್ಲಿ, ಗುತ್ತಲು ರಸ್ತೆ ಕಡೆ. ಅಪ್ಪನ ಛತ್ರ. ಅಡುಗೆಯವರು, ಚಪ್ಪರದವರು, ನೀರಿನ ಟ್ಯಾಂಕರ್ ಎಲ್ಲ ಅಪ್ಪ ನೋಡಿಕೊಳ್ಳುತ್ತಾರೆ. ತಂತಿ ಇರುವುದೆಲ್ಲ ನನ್ನ ತಲೆಗೆ. ಎಂಟು ಸಾಮಾನು ಇವೆ: ಗುಂಡನೆಯ ಡೋಮ್ ಕ್ಯಾಮೆರಾ ಐದು, ಪಾರ್ಕಿಂಗಿಗೆ ಉದ್ದನೆಯ ಬುಲೆಟ್ ಕ್ಯಾಮೆರಾ ಒಂದು, ಗೇಟಿನ ಹತ್ತಿರ ಕತ್ತು ತಿರುಗಿಸುವ ಕ್ಯಾಮೆರಾ ಒಂದು, ಹಾಲ್‌ನಲ್ಲಿ ಒಂದು ವೈಫೈ ಆಕ್ಸೆಸ್ ಪಾಯಿಂಟ್. ಒಂದೊಂದಕ್ಕೂ ಒಂದೇ ನೆಟ್‌ವರ್ಕ್ ತಂತಿ. ಡೇಟಾ ಹೋಗುವುದೂ ಅದರಲ್ಲೇ, ಕರೆಂಟ್ ಹೋಗುವುದೂ ಅದರಲ್ಲೇ. ಎಂಟೂ ತಂತಿ ಬಂದು ಸೇರುವ, ಎಲ್ಲಕ್ಕೂ ಡೇಟಾ, ಕರೆಂಟ್ ಹಂಚುವ ಡಬ್ಬಿಯೇ ಸ್ವಿಚ್; ಅದರಲ್ಲಿ ತಂತಿ ಚುಚ್ಚುವ ತೂತು ಪೋರ್ಟ್. ಇದಕ್ಕೆ ಪವರ್ ಓವರ್ ಈಥರ್ನೆಟ್ ಅಂತ ಹೆಸರು, ಬಾಯಿಮಾತಲ್ಲಿ ಪಿಒಇ. ಕ್ಯಾಮೆರಾ ಪಕ್ಕದಲ್ಲಿ ಪ್ಲಗ್ ಪಾಯಿಂಟ್ ಬೇಡ, ಅಡಾಪ್ಟರ್ ಬೇಡ, ಮಳೆಗೆ ನೆನೆಯುವ ಡಬ್ಬಿ ಬೇಡ.

ಕ್ಯಾಮೆರಾ ಹಾಕಿಕೊಟ್ಟವರನ್ನು ಕರೆದೆವು. ಅವರು ಮೊದಲು ತುದಿಯ ಕನೆಕ್ಟರ್ ಬದಲಾಯಿಸಿದರು. ಆಗಲಿಲ್ಲ. ಆಮೇಲೆ ಕ್ಯಾಮೆರಾ ಬದಲಾಯಿಸಿದರು. ಆಗಲಿಲ್ಲ. ಆಮೇಲೆ ತಂತಿಯನ್ನೇ ಪೂರ್ತಿ ಹೊಸದಾಗಿ ಎಳೆದರು. ಮೂರು ಸಲವೂ ಬಂದಿದ್ದು ಹಗಲಿನಲ್ಲಿ, ಮೂರು ಸಲವೂ "ನೋಡಿ ಸಾರ್, ಈಗ ಬರ್ತಿದೆ" ಅಂತ ತೋರಿಸಿ ದುಡ್ಡು ಇಸಿದುಕೊಂಡು ಹೋದರು. ಹಗಲಲ್ಲಿ ಅದು ಯಾವತ್ತು ಬಂದಿರಲಿಲ್ಲ ಹೇಳಿ!

ಗುಟ್ಟು ಗೊತ್ತಾಗಿದ್ದು ಅಕಸ್ಮಾತ್. ಒಂದು ರಾತ್ರಿ ದೊಡ್ಡ ಕೊಳಗ ತೆಗೆದುಕೊಡಿ ಅಂತ ಅಡುಗೆಯವರು ಕೇಳಿದರು. ಪಾತ್ರೆ ಕೋಣೆಗೆ ಹೋದೆ. ಬಲ್ಬ್ ಸುಟ್ಟಿತ್ತು. ಕತ್ತಲಲ್ಲಿ ಅಟ್ಟದ ಮೇಲೆ ಹಳೆಯ ಸ್ವಿಚ್ಚಿನ ಎಂಟು ಹಸಿರು ದೀಪ ಕಾಣುತ್ತಿದ್ದವು, ಅದರ ಪಕ್ಕ ಒಂದು ಕೆಂಪು ದೀಪ. ಏಣಿ ಹಾಕಿ ಹತ್ತಿ ನೋಡಿದೆ. ದೀಪದ ಕೆಳಗೆ ಇರುವೆ ಸೈಜಿನ ಅಕ್ಷರದಲ್ಲಿ "ಪಿಒಇ ಮ್ಯಾಕ್ಸ್" ಅಂತ ಇತ್ತು. ನೋಡ್ತಾ ನೋಡ್ತಾ ಎಂಟನೇ ಹಸಿರು ದೀಪ ಆರಿತು. ಕೆಂಪೂ ಆರಿತು. ಒಂದೂವರೆ ನಿಮಿಷ ಬಿಟ್ಟು ಎಂಟನೆಯದು ಹತ್ತಿತು. ಹಿಂದೆಯೇ ಕೆಂಪು ಹತ್ತಿತು. ಮತ್ತೆ ಎರಡೂ ಹೋದವು. ಆ ಏಣಿ ಮೇಲೆ ನಿಂತು ಹತ್ತು ನಿಮಿಷ ಅದನ್ನೇ ನೋಡಿದ್ದೇನೆ. ಕೆಳಗೆ ಅಡುಗೆಯವರು ಕೊಳಗಕ್ಕೆ ಕಾಯ್ತಾ ಇದ್ದರು.

ವಿಷಯ ಇಷ್ಟೇ. ಹಳೆಯ ಸ್ವಿಚ್ಚಿನಲ್ಲಿ ತೂತು ಎಂಟಿದ್ದವು, ಆದರೆ ಎಂಟಕ್ಕೂ ಸೇರಿಸಿ ಅದು ಕೊಡಬಲ್ಲ ಕರೆಂಟ್ 65 ವ್ಯಾಟ್ ಮಾತ್ರ. ಇದನ್ನೇ ಪಿಒಇ ಬಜೆಟ್ ಅನ್ನುತ್ತಾರೆ. ಹಗಲಿನಲ್ಲಿ ನಮ್ಮ ಎಂಟೂ ಸೇರಿ ತಿನ್ನುತ್ತಿದ್ದುದು ಸುಮಾರು 44 ವ್ಯಾಟ್. ಕತ್ತಲಾದ ಕೂಡಲೇ ಪ್ರತಿ ಕ್ಯಾಮೆರಾದಲ್ಲೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ ಹೊತ್ತಿಕೊಳ್ಳುತ್ತದೆ. ಆಗ ಹೊಟ್ಟೆ ದೊಡ್ಡದಾಗುತ್ತದೆ. ಲೆಕ್ಕ 69 ದಾಟುತ್ತಿತ್ತು. 65ರ ಮೇಲೆ ಹೋದ ತಕ್ಷಣ ಸ್ವಿಚ್ ಯಾರನ್ನಾದರೂ ಪಂಕ್ತಿಯಿಂದ ಎಬ್ಬಿಸಬೇಕು. ಯಾರನ್ನು ಅಂತ ನಾವು ಹೇಳಿಲ್ಲವಲ್ಲ, ಅದು ಕೊನೆಯ ನಂಬರಿನ ಪೋರ್ಟನ್ನು ಎಬ್ಬಿಸುತ್ತದೆ. ನಮ್ಮ ಕೊನೆಯ ಪೋರ್ಟಿನಲ್ಲಿ ಇದ್ದಿದ್ದು ಪಾರ್ಕಿಂಗ್ ಕ್ಯಾಮೆರಾ. ಅದು ಹೋದರೆ ಲೆಕ್ಕ 60ಕ್ಕೆ ಇಳಿಯುತ್ತದೆ, ಸ್ವಿಚ್‌ಗೆ ಜಾಗ ಇದೆ ಅನ್ನಿಸಿ ಮತ್ತೆ ಕೊಡುತ್ತದೆ. ಕ್ಯಾಮೆರಾ ಎದ್ದು ಕೂರುತ್ತದೆ, ಕತ್ತಲು ನೋಡಿ ತನ್ನ ದೀಪ ಹಚ್ಚುತ್ತದೆ, ಮತ್ತೆ ಬಜೆಟ್ ಒಡೆಯುತ್ತದೆ. ಇರುಳುಗಣ್ಣೇ ಸರಿ.

ಇಷ್ಟು ಗೊತ್ತಾದ ಮೇಲೆ ಹೊಸದು ತಗೊಳ್ಳೋಣ ಅಂತ ಮೈಸೂರಿನಲ್ಲಿ ಎರಡು ಅಂಗಡಿ ತಿರುಗಿದೆ. ಮೊದಲನೇ ಅಂಗಡಿಯಲ್ಲಿ "ಹದಿನಾರು ಪೋರ್ಟಿನದು ತಗೊಳ್ಳಿ ಸಾರ್, ಫ್ಯೂಚರ್‌ಗೆ ಆಗುತ್ತೆ" ಅಂದರು. ಒಟ್ಟು ವ್ಯಾಟ್ ಎಷ್ಟು ಅಂದರೆ "ಅದು ಆಟೋಮ್ಯಾಟಿಕ್" ಅಂದರು. ಆಟೋಮ್ಯಾಟಿಕ್ ವ್ಯಾಟ್ ಅನ್ನುವುದು ಲೋಕದಲ್ಲಿ ಇಲ್ಲ. ಎರಡನೇ ಅಂಗಡಿಯ ಹುಡುಗ ಡಬ್ಬಿ ತಿರುಗಿಸಿ ಸ್ಟಿಕರ್ ಓದಿ ಹೇಳಿದ. ಅಲ್ಲೇ ತಗೊಂಡೆ. ಎಂಟು ಪಿಒಇ ಪೋರ್ಟ್, ಮೇಲೆ ಎರಡು ಫೈಬರ್ ಹಾಕುವ ಜಾಗ, ಒಟ್ಟು ಬಜೆಟ್ 120 ವ್ಯಾಟ್, ಒಂದೊಂದು ಪೋರ್ಟಿಗೆ ಗರಿಷ್ಠ 30. ಮ್ಯಾನೇಜ್ಡ್ ಮಾದರಿ, ಅಂದರೆ ಬ್ರೌಸರ್‌ನಲ್ಲಿ ಅದರ ಪುಟ ತೆರೆದು ಒಂದೊಂದು ಪೋರ್ಟಿನ ಕರೆಂಟನ್ನೂ ನಾವೇ ಆಳಬಹುದು. ಫ್ಯಾನ್ ಇಲ್ಲ. ಕೈಗೆ ಬಿದ್ದ ಬೆಲೆ ₹9,800. ಕಂಪನಿ ಹೆಸರು ಬರೆಯುವುದಿಲ್ಲ. ಕೆಳಗೆ ಬೈದಿದ್ದೇನೆ ಕೂಡ, ಮತ್ತೆ ಇದೇ ಡಬ್ಬಿ ಬೇರೆ ಬೇರೆ ಸ್ಟಿಕರ್ ಹಾಕಿಕೊಂಡು ಸಿಗುತ್ತದೆ. ನೀವು ನೋಡಬೇಕಾದ್ದು ಸ್ಟಿಕರ್ ಅಲ್ಲ, ಗುಣ.

ಮಾಘ ಮಾಸದ ಲಗ್ನಗಳು ಮುಗಿಯುತ್ತಿದ್ದಾಗ ಹಾಕಿದ್ದು. ಈಗ ಆಷಾಢ ಕಳೆಯಿತು. ಆರು ತಿಂಗಳ ಅನುಭವ ಇದು.

ಮೊದಲ ದಿನವೇ ಕೈಕೊಟ್ಟಿತು. ಎಂಟೂ ತಂತಿ ಚುಚ್ಚಿದೆ. ಏಳು ಬಂದವು. ಎಂಟನೆಯದಕ್ಕೆ ಈ ಸಲ ತಿರುಗುವ ಕ್ಯಾಮೆರಾ ಹಾಕಿದ್ದೆ, ಅದು ಬರಲೇ ಇಲ್ಲ. 65 ವ್ಯಾಟಿನ ಹಳೆಯ ಡಬ್ಬಿಯಲ್ಲಿ ಓಡುತ್ತಿದ್ದ ಕ್ಯಾಮೆರಾ 120 ವ್ಯಾಟಿನ ಹೊಸದರಲ್ಲಿ ಏಳುವುದಿಲ್ಲ ಅಂದರೆ ತಲೆ ಕೆಡುತ್ತದೆ ಅಲ್ವಾ? ಅಂಗಡಿಗೆ ಫೋನ್ ಮಾಡಿ ನಾಲ್ಕು ಮಾತು ಆಡುವವನಿದ್ದೆ. ಅಷ್ಟರಲ್ಲಿ ಪುಟದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: ಹಂಚಿಕೆ ವಿಧಾನ, ಕ್ಲಾಸ್ ಪ್ರಕಾರ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಿಒಇ ಸ್ವಿಚ್ ಸುಮ್ನೆ ತಂತಿಗೆ ಕರೆಂಟ್ ಬಿಡುವುದಿಲ್ಲ. ಮೊದಲು 10 ವೋಲ್ಟ್ ಆಸುಪಾಸಿನೊಳಗೆ ಮೆಲ್ಲಗೆ ಮುಟ್ಟಿ ನೋಡುತ್ತದೆ, ಆ ಕಡೆ ಸುಮಾರು 25 ಕಿಲೋ ಓಮ್ ರೆಸಿಸ್ಟರ್ ಇದೆಯಾ ಅಂತ. ಇದ್ದರೆ ಇದು ನಮ್ಮ ಜಾತಿ ಅಂತ ಅರ್ಥ. ಇಲ್ಲದಿದ್ದರೆ ಕರೆಂಟ್ ಇಲ್ಲ. ಮದುವೆಗೆ ಬಂದ ಯಾರೋ ಲ್ಯಾಪ್‌ಟಾಪ್ ಚುಚ್ಚಿದರೂ ಸುಡುವುದಿಲ್ಲ, ಅದಕ್ಕೇ. ಆಮೇಲೆ ವೋಲ್ಟೇಜ್ ಸ್ವಲ್ಪ ಏರಿಸಿ "ನಿನ್ನ ಕ್ಲಾಸ್ ಯಾವುದು" ಅಂತ ಕೇಳುತ್ತದೆ. ಕ್ಲಾಸ್ 1 ಅಂದರೆ 4 ವ್ಯಾಟ್, 2 ಅಂದರೆ 7, 3 ಅಂದರೆ 15.4, 4 ಅಂದರೆ 30. ಏನೂ ಹೇಳದವರು ಕ್ಲಾಸ್ 0, ಅವರಿಗೂ ಪೂರ್ತಿ 15.4 ಎತ್ತಿಡಬೇಕು. ಕಡಿಮೆ ಬೆಲೆಯ ಕ್ಯಾಮೆರಾಗಳು ಬಹುತೇಕ ಬಾಯಿ ಬಿಡುವುದಿಲ್ಲ. ನಮ್ಮವೂ ಹಾಗೇ.

ಈಗ ಲೆಕ್ಕ ಹಾಕಿ. ಐದು ಡೋಮ್‌ಗೆ 77. ಬುಲೆಟ್ ಸೇರಿ 92.4. ವೈಫೈ ಸೇರಿ 107.8. ಉಳಿದಿದ್ದು 12.2. ತಿರುಗುವ ಕ್ಯಾಮೆರಾ ತಾನು ಕ್ಲಾಸ್ 4 ಅಂತ 30 ಕೇಳುತ್ತದೆ. ಸ್ವಿಚ್ ಆಗಲ್ಲ ಅಂತು. ನಿಜವಾಗಿ ತಿನ್ನುತ್ತಿದ್ದುದು ಇದರ ಅರ್ಧವೂ ಇಲ್ಲ, ಆದರೆ ಎಲ್ಲರ ಹೆಸರಿನಲ್ಲೂ ಟವೆಲ್ ಹಾಸಿ ಸೀಟು ಹಿಡಿದಿದೆ. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫ್ ಎಸೆಯುತ್ತಾರಲ್ಲ, ಹಾಗೆ. ವಿಧಾನವನ್ನು "ನಿಜ ಬಳಕೆ ಪ್ರಕಾರ" ಅಂತ ಬದಲಾಯಿಸಿದೆ. ತಿರುಗುವ ಕ್ಯಾಮೆರಾ ಕತ್ತು ಅಲ್ಲಾಡಿಸಿಕೊಂಡು ಎದ್ದಿತು. ಈ ಮಾತು ಕೈಪಿಡಿಯ ಮೊದಲ ಪುಟದಲ್ಲಿ ಇರಬೇಕಿತ್ತು. ಇದ್ದಿದ್ದು ಕೊನೆಯಲ್ಲಿ, ಒಂದೂವರೆ ಸಾಲು.

ಕ್ಲಾಸ್ ವಿಧಾನ ಕೆಟ್ಟದ್ದು ಅಂತಲ್ಲ. ಬಜೆಟ್ ಧಾರಾಳ ಇದ್ದರೆ ಅದೇ ಒಳ್ಳೆಯದು, ರಾತ್ರಿ ಯಾರಿಗೂ ಕೈ ಎತ್ತುವ ಪ್ರಶ್ನೆ ಬರುವುದಿಲ್ಲ. ಬಳಕೆ ವಿಧಾನದಲ್ಲಿ ನೀವು ಗರಿಷ್ಠ ಬಳಕೆಯನ್ನು ಮೊದಲೇ ನೋಡಿ ತಿಳಿದಿರಬೇಕು. ನಾನು ನೋಡಿದೆ. ಒಂದು ಭಾನುವಾರ ಸಂಜೆ ಛತ್ರದ ಕಚೇರಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಫಿ ಕುಡಿಯುತ್ತಾ ಆ ಪುಟ ತೆರೆದು ಕೂತೆ. ಒಂದೊಂದು ಪೋರ್ಟಿನ ಎದುರೂ ವ್ಯಾಟ್, ವೋಲ್ಟ್, ಮಿಲಿಆಂಪ್, ಕ್ಲಾಸ್. ಆರು ಗಂಟೆಗೆ ಒಟ್ಟು 43.8. ಹೊರಗೆ ಬೆಳಕು ಇಳಿಯಿತು. ಮೊದಲು ಊಟದ ಹಾಲಿನ ಡೋಮ್ 4.1ರಿಂದ 6.4ಕ್ಕೆ ಹಾರಿತು, ಅಲ್ಲಿ ಕಿಟಕಿ ಕಡಿಮೆ. ಆಮೇಲೆ ಮೆಟ್ಟಿಲಿನದು. ಆಮೇಲೆ ಪಾರ್ಕಿಂಗ್, 5ರಿಂದ 9. ಕೊನೆಗೆ ಗೇಟಿನ ದೊಡ್ಡಪ್ಪ, 9ರಿಂದ ಸೀದಾ 18ರ ಮೇಲೆ. ಆರೂ ಐವತ್ತಕ್ಕೆ ಒಟ್ಟು 69.6. ಮೂರು ಸಲ ದುಡ್ಡು ಕೊಟ್ಟು ಪರಿಹಾರವಾಗದ ರೋಗ ಅಷ್ಟು ಸಲೀಸಾಗಿ ಅಂಕಿಯಲ್ಲಿ ಕಂಡಾಗ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ನನ್ನ ಲೆಕ್ಕದಲ್ಲಿ ಈ ಒಂದು ಪುಟಕ್ಕೇ ಅರ್ಧ ದುಡ್ಡು ಸಲ್ಲುತ್ತದೆ.

ಆದ್ಯತೆ ಹೇಳುವ ಜಾಗವೂ ಇದೆ: ಕ್ರಿಟಿಕಲ್, ಹೈ, ಲೋ. ಡಬ್ಬಿಯಿಂದ ಬಂದಾಗ ಎಲ್ಲವೂ ಲೋ. ಎಲ್ಲರೂ ಲೋ ಅಂದರೆ ಮತ್ತೆ ಕೊನೆಯ ನಂಬರಿನವನೇ ಬಲಿ. ನಾನು ಗೇಟು ಮತ್ತು ಪಾರ್ಕಿಂಗ್ ಎರಡನ್ನು ಕ್ರಿಟಿಕಲ್ ಮಾಡಿದೆ, ಹಣದ ಮೇಜಿನ ಮೇಲಿರುವ ಡೋಮ್ ಹೈ, ಮಿಕ್ಕಿದ್ದು ಲೋ. ವೈಫೈ ಕೂಡ ಲೋ. ಮದುವೆಮನೆಯವರು ಬೈಯಬಹುದು, ಆದರೆ ಮುಯ್ಯಿ ಕವರ್ ಕಳೆದಾಗ ಅವರು ಕೇಳುವುದು ವೈಫೈ ಅಲ್ಲ.

ಇನ್ನು ಇದರ ನಿಜವಾದ ಸುಖ. ಪೋರ್ಟಿನ ಕರೆಂಟನ್ನು ದೂರದಿಂದಲೇ ತೆಗೆದು ಮತ್ತೆ ಕೊಡುವುದು. ಏಪ್ರಿಲ್‌ನಲ್ಲಿ ಒಂದು ಮದುವೆ. ಹುಡುಗನ ಅಣ್ಣ ಅಮೆರಿಕದಲ್ಲಿದ್ದಾರೆ, ರಜೆ ಸಿಕ್ಕಿಲ್ಲ, ಲೈವ್ ನೋಡುತ್ತಾರಂತೆ. ಮುಹೂರ್ತಕ್ಕೆ ಇಪ್ಪತ್ತು ನಿಮಿಷ ಇದೆ ಅನ್ನುವಾಗ ಹಾಲಿನ ವೈಫೈ ಹೆಪ್ಪುಗಟ್ಟಿತು. ಅಪ್ಪ ಫೋನ್ ಮಾಡಿದರು, ಹಿಂದೆ ನಾದಸ್ವರ, ಒಂದು ಮಾತೂ ಕೇಳಿಸುತ್ತಿಲ್ಲ, "ಹೋಯ್ತು, ಹೋಯ್ತು" ಅನ್ನುವುದು ಮಾತ್ರ ಕೇಳಿಸಿತು. ಆ ಡಬ್ಬಿ ಇರುವುದು ಮಂಟಪದ ನೆತ್ತಿಯ ಮೇಲೆ. ಹಿಂದೆಲ್ಲ ಹೂವಿನ ಅಲಂಕಾರ ಸರಿಸಿ ಏಣಿ ಹಾಕಿ ತಂತಿ ಕಿತ್ತು ಹಾಕಬೇಕಿತ್ತು. ನಾನು ಮೈಸೂರಿನಲ್ಲಿ ತರಕಾರಿ ಅಂಗಡಿ ಮುಂದೆ ನಿಂತವನು ಫೋನಿನಲ್ಲೇ ಪುಟ ತೆರೆದು ಏಳನೇ ಪೋರ್ಟಿನ ಪಿಒಇ ಆಫ್ ಮಾಡಿ ಹತ್ತು ಎಣಿಸಿ ಆನ್ ಮಾಡಿದೆ. ಎರಡು ನಿಮಿಷಕ್ಕೆ ವೈಫೈ ಎದ್ದಿತು. ಮಾಂಗಲ್ಯಧಾರಣೆ ಅಮೆರಿಕಕ್ಕೆ ತಲುಪಿತು.

ಇದೇ ಹುಮ್ಮಸ್ಸಿನಲ್ಲಿ ಒಂದು ದಡ್ಡತನವನ್ನೂ ಮಾಡಿದೆ. ಛತ್ರದಲ್ಲೇ ಕೂತು, ಅದೇ ವೈಫೈಗೆ ಸೇರಿಕೊಂಡು, ಅದೇ ವೈಫೈನ ಪೋರ್ಟ್ ಆಫ್ ಮಾಡಿದೆ. ಆನ್ ಮಾಡಲು ದಾರಿ ಎಲ್ಲಿದೆ? ಕೂತ ಕೊಂಬೆಯನ್ನೇ ಕಡಿದ ಹಾಗೆ. ತಂತಿ ಹುಡುಕಿಕೊಂಡು ಅಟ್ಟ ಹತ್ತಬೇಕಾಯಿತು. ಕೆಲವು ಸ್ವಿಚ್ಚುಗಳಲ್ಲಿ "ಆಫ್ ಮಾಡಿ ಆನ್ ಮಾಡು" ಅಂತ ಒಂದೇ ಬಟನ್ ಇರುತ್ತದೆ. ಇದರಲ್ಲಿ ಎರಡೂ ಬೇರೆ ಬೇರೆ. ಇಷ್ಟು ದುಡ್ಡು ತಗೊಂಡು ಒಂದು ಬಟನ್ ಕೊಡೋಕೆ ಆಗಲಿಲ್ಲವಾ ಅಂತ ಈಗಲೂ ಕೋಪ ಇದೆ.

ಪಿಂಗ್ ಕಾವಲು ಅಂತ ಇನ್ನೊಂದು ಇದೆ. ಒಂದೊಂದು ಕ್ಯಾಮೆರಾದ ವಿಳಾಸ ಕೊಟ್ಟರೆ ಸ್ವಿಚ್ಚೇ ಆಗಾಗ ಕೂಗಿ ನೋಡುತ್ತದೆ. ಓಗೊಡದಿದ್ದರೆ ಆ ಪೋರ್ಟಿನ ಕರೆಂಟ್ ಕಿತ್ತು ಮತ್ತೆ ಕೊಡುತ್ತದೆ. ತಿರುಗುವ ಕ್ಯಾಮೆರಾಗೆ ಇದು ವರ. ಅದು ವಾರಕ್ಕೊಂದು ಸಲ ಸತ್ತಂತೆ ಮಲಗುತ್ತದೆ. ಆದರೆ ಕ್ಯಾಮೆರಾಗೆ ಹೊಸ ಫರ್ಮ್‌ವೇರ್, ಅಂದರೆ ಅದರೊಳಗಿನ ಸಾಫ್ಟ್‌ವೇರ್, ಹಾಕುವಾಗ ಇದನ್ನು ನಿಲ್ಲಿಸಿಡಿ. ಫರ್ಮ್‌ವೇರ್ ಬರೆಯುವಾಗ ಕ್ಯಾಮೆರಾ ನಾಲ್ಕೈದು ನಿಮಿಷ ಮಾತಾಡುವುದಿಲ್ಲ, ಕಾವಲುಗಾರ ಅದನ್ನು ಸತ್ತಿದೆ ಅಂದುಕೊಂಡು ಮಧ್ಯದಲ್ಲಿ ಕರೆಂಟ್ ಕಿತ್ತರೆ ಆಮೇಲೆ ನಿಜವಾಗಿಯೂ ಸಾಯುತ್ತದೆ. ನನಗೆ ಕೊನೇ ಗಳಿಗೆಯಲ್ಲಿ ನೆನಪಾಯಿತು, ಬಚಾವ್.

ಈಗ ಬೈಗುಳ. ಮೊದಲನೆಯದು, ಇದರಲ್ಲಿ "ಅಪ್ಲೈ" ಬೇರೆ, "ಸೇವ್" ಬೇರೆ. ಅಪ್ಲೈ ಒತ್ತಿದರೆ ಎಲ್ಲ ಜಾರಿಗೆ ಬರುತ್ತದೆ, ನಮಗೆ ಕೆಲಸ ಆಯಿತು ಅನ್ನಿಸುತ್ತದೆ. ಮೇಲೆ ಮೂಲೆಯಲ್ಲಿ ಸಣ್ಣ ಫ್ಲಾಪಿ ಚಿತ್ರ ಇದೆ, ಅದನ್ನು ಒತ್ತದಿದ್ದರೆ ಕರೆಂಟ್ ಹೋಗಿ ಬಂದಾಗ ಎಲ್ಲ ಮರೆತು ಹಳೆಯದಕ್ಕೆ ವಾಪಸ್. ಮೊದಲ ವಾರ ಕರೆಂಟ್ ಹೋಗಿ ಬಂತು. ಸ್ವಿಚ್ ಮತ್ತೆ ಕ್ಲಾಸ್ ವಿಧಾನಕ್ಕೆ ಹೋಗಿ ಟವೆಲ್ ಹಾಸಿಕೊಂಡು ಕೂತಿತ್ತು. ಗೇಟಿನ ಕ್ಯಾಮೆರಾ ಇಡೀ ರಾತ್ರಿ ಇಲ್ಲ. ದೊಡ್ಡ ಕಂಪನಿಗಳ ಸ್ವಿಚ್ಚಿನಲ್ಲೂ ಹೀಗೇ ಇರುತ್ತದೆ ಅಂತ ಗೊತ್ತು, ಅಲ್ಲಿ ಅದನ್ನು ಕಲಿತವರು ಕೂರುತ್ತಾರೆ. ಛತ್ರಕ್ಕೆ ಮಾರುವ ಸಾಮಾನಿನಲ್ಲಿ ಒಂದು ಎಚ್ಚರಿಕೆ ಮಾತು ಹಾಕಬಾರದಾ?

ಎರಡನೆಯದು ಗಡಿಯಾರ. ಪೋರ್ಟಿಗೆ ವೇಳಾಪಟ್ಟಿ ಹಾಕಬಹುದು. ನಾನು ವೈಫೈ ರಾತ್ರಿ 12ಕ್ಕೆ ಆಫ್, ಬೆಳಿಗ್ಗೆ 4ಕ್ಕೆ ಆನ್ ಅಂತ ಹಾಕಿದ್ದೆ, ಧಾರೆ ಮುಹೂರ್ತ ಬೆಳಗಿನ ಜಾವ ಇದ್ದರೂ ಆಗಲಿ ಅಂತ. ಆದರೆ ಈ ಡಬ್ಬಿಯೊಳಗೆ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದರೆ ಅದು 1970ರ ಜನವರಿ 1ರ ನಡುರಾತ್ರಿಯಲ್ಲಿ ಕಣ್ಣು ಬಿಡುತ್ತದೆ. ಇಂಟರ್‌ನೆಟ್ಟಿನಿಂದ ಸಮಯ ಕೇಳಿಕೊಳ್ಳುವವರೆಗೂ ಅದರ ಪಾಲಿಗೆ ನಡುರಾತ್ರಿಯೇ. ಅಂದರೆ ಮಟಮಟ ಮಧ್ಯಾಹ್ನ ವೈಫೈ ಆಫ್. ರೌಟರ್ ಏಳಲು ಮೂರು ನಿಮಿಷ, ಆಮೇಲೆ ಸಮಯ ಸಿಕ್ಕು ಸರಿಹೋಗುತ್ತದೆ. ಅಷ್ಟು ಹೊತ್ತಿಗೆ ಅಪ್ಪನಿಗೆ ಹತ್ತು ಜನ ಹೇಳಿರುತ್ತಾರೆ. ಕೊನೆಗೆ ವೇಳಾಪಟ್ಟಿ ತೆಗೆದೇ ಹಾಕಿದೆ. ಆಷಾಢದಲ್ಲಿ ಮಾತ್ರ ಕೈಯಾರೆ ವೈಫೈ ಮತ್ತು ಒಳಗಿನ ಮೂರು ಡೋಮ್ ಆಫ್ ಮಾಡಿದ್ದೆ, ತಿಂಗಳಿಡೀ ಲಗ್ನ ಇಲ್ಲವಲ್ಲ. 25 ವ್ಯಾಟ್ ಹತ್ತಿರ ಉಳಿತಾಯ, ತಿಂಗಳಿಗೆ 18 ಯೂನಿಟ್. ದೊಡ್ಡ ಮೊತ್ತವೇನಲ್ಲ. ಖಾಲಿ ಕತ್ತಲೆ ಹಾಲಿನಲ್ಲಿ ಆ ಕ್ಯಾಮೆರಾಗಳು ಹಗಲೂ ರಾತ್ರಿ ದೀಪ ಹಚ್ಚಿಕೊಂಡು ಖಾಲಿ ಕುರ್ಚಿ ಕಾಯುವುದು ತಪ್ಪಿತು, ಅಷ್ಟೇ.

ಮೂರನೆಯದು ಬಿಸಿ. ಫ್ಯಾನ್ ಇಲ್ಲದಿರುವುದು ಮೊದಲು ಇಷ್ಟವಾಗಿತ್ತು, ಸದ್ದಿಲ್ಲ, ಧೂಳು ಎಳೆಯುವುದಿಲ್ಲ. ಆದರೆ ಸ್ಟಿಕರ್ ಮೇಲೆ 40 ಡಿಗ್ರಿವರೆಗೆ ಅಂತ ಬರೆದಿದೆ. ನಮ್ಮ ಪಾತ್ರೆ ಕೋಣೆ ಇರುವುದು ಅಡುಗೆಮನೆಗೆ ಅಂಟಿಕೊಂಡು. ಮೇ ತಿಂಗಳು, ಪಕ್ಕದಲ್ಲಿ ಆರು ಒಲೆ ಉರಿಯುತ್ತಿದ್ದರೆ ಅಟ್ಟದ ಮೇಲೆ ಎಷ್ಟಿರಬಹುದು? ಡಬ್ಬಿಯ ಮೇಲೆ ಅಂಗೈ ಇಟ್ಟರೆ ಐದು ಎಣಿಸುವ ಮೊದಲು ತೆಗೆಯಬೇಕಿತ್ತು. ಅದೇ ವಾರ ಅದನ್ನು ಕಚೇರಿಗೆ ಸ್ಥಳಾಂತರ ಮಾಡಿದೆ. ಇದು ಸ್ವಿಚ್ಚಿನ ತಪ್ಪಲ್ಲ, ಅಲ್ಲಿಟ್ಟವರ ತಪ್ಪು.

ನಾಲ್ಕನೆಯದು ಸಣ್ಣದು. ಸ್ವಿಚ್ಚಿಗೇ ಹೊಸ ಫರ್ಮ್‌ವೇರ್ ಹಾಕಿ ರೀಸ್ಟಾರ್ಟ್ ಮಾಡಿದರೆ ಎಲ್ಲ ಪೋರ್ಟಿನ ಕರೆಂಟೂ ಹೋಗುತ್ತದೆ. ಮೇಲ್ದರ್ಜೆಯವುಗಳಲ್ಲಿ ಸ್ವಿಚ್ ಮಲಗಿ ಎದ್ದರೂ ಪೋರ್ಟಿನ ಕರೆಂಟ್ ನಿಲ್ಲದ ಹಾಗೆ ಮಾಡಿರುತ್ತಾರೆ. ಆ ಬೆಲೆಯೇ ಬೇರೆ.

ತಂತಿ ಬಗ್ಗೆ ಒಂದು ಮಾತು. ಗೇಟಿಗೆ ಹೋಗುವ ತಂತಿ ಸುಮಾರು 80 ಮೀಟರ್. ಹಳೆಯವರು ಹಾಕಿದ್ದು ತಾಮ್ರದ್ದಲ್ಲ, ಅಲ್ಯುಮಿನಿಯಂ ಮೇಲೆ ತಾಮ್ರ ಸವರಿದ ಮಾಲು. ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ಅಪ್ಪಟ ತಾಮ್ರಕ್ಕೆ ಬದಲಾಯಿಸಿದೆ. ಪುಟದಲ್ಲಿ ರಾತ್ರಿ ಬಳಕೆ 18.9 ಇದ್ದದ್ದು 18.4ಕ್ಕೆ ಇಳಿಯಿತು. ಅರ್ಧ ವ್ಯಾಟ್ ಸುಮ್ನೆ ತಂತಿ ಕಾಯಿಸುತ್ತಿತ್ತು. ಅರ್ಧ ವ್ಯಾಟಿಗೆ ಯಾರೂ ಬಡವರಾಗುವುದಿಲ್ಲ ನಿಜ, ಆದರೆ ಆ ತಂತಿ ತುದಿಯಲ್ಲಿ ಕಪ್ಪಾಗಿ ಸಡಿಲ ಆಗುವುದು, ಕಟ್ಟು ಕಟ್ಟಿಟ್ಟರೆ ಬಿಸಿಯಾಗುವುದು, ಅದೆಲ್ಲ ಯಾಕೆ ಬೇಕು.

ದಾರಿಯಲ್ಲಿ ಇಷ್ಟೇ ಕಳೆಯುವುದಕ್ಕೆ ಕಾರಣ ಪಿಒಇ 50 ವೋಲ್ಟಿನ ಆಸುಪಾಸಿನಲ್ಲಿ ಓಡುವುದು. ನಮ್ಮದರಲ್ಲಿ 54 ತೋರಿಸುತ್ತದೆ. ಅದೇ 18 ವ್ಯಾಟನ್ನು 12 ವೋಲ್ಟಿನಲ್ಲಿ ಆ ತೆಳ್ಳನೆ ತಂತಿಯಲ್ಲಿ 80 ಮೀಟರ್ ಕಳಿಸಲು ಹೋದರೆ ಗೇಟು ಮುಟ್ಟುವ ಮೊದಲೇ ವೋಲ್ಟೇಜ್ ಸತ್ತಿರುತ್ತದೆ. ಮಂಡ್ಯ ಜಿಲ್ಲೆಯವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದರಲ್ಲ, ನೂರು ಕಿಲೋಮೀಟರಿಗೂ ಜಾಸ್ತಿ ದೂರ, ಆಗಲೂ ವೋಲ್ಟೇಜ್ ಮೇಲೇರಿಸಿಯೇ ಕಳಿಸಿದ್ದು. ದೂರ ಹೋಗಬೇಕು ಅಂದರೆ ಒತ್ತಡ ಜಾಸ್ತಿ ಇರಬೇಕು, ಹರಿವು ಕಡಿಮೆ ಇರಬೇಕು. ಅಲ್ಲಿ ಗಣಿ, ಇಲ್ಲಿ ಗೇಟು.

ತಗೊಳ್ಳುವವರಿಗೆ ಇನ್ನೊಂದು ಗೊಂದಲ ಬರುತ್ತದೆ, ಡಬ್ಬಿ ಮೇಲೆ ಬರೆದಿರುವ ಪಿಒಇ ಮಾನದಂಡಗಳ ಹೆಸರುಗಳದ್ದು. 802.3ಎಎಫ್ ಅನ್ನುವುದು 2003ರದ್ದು, ಪೋರ್ಟಿಗೆ 15.4 ವ್ಯಾಟ್. ಎಟಿ ಅನ್ನುವುದು 2009ರದ್ದು, 30 ವ್ಯಾಟ್, ಇದನ್ನೇ ಪಿಒಇ ಪ್ಲಸ್ ಅನ್ನುತ್ತಾರೆ. ಬಿಟಿ 2018ರದ್ದು, 60 ಮತ್ತು 90 ವ್ಯಾಟ್. ಇವು ಸ್ವಿಚ್ ತುದಿಯ ಲೆಕ್ಕ. ತಂತಿಯಲ್ಲಿ ಕಳೆದು ಆ ತುದಿಗೆ ಖಾತ್ರಿ ಇರುವುದು ಎಎಫ್‌ನಲ್ಲಿ 12.95, ಎಟಿಯಲ್ಲಿ 25.5 ವ್ಯಾಟ್. ಕ್ಯಾಮೆರಾ, ವೈಫೈಗೆ ಎಟಿ ಧಾರಾಳ ಸಾಕು. ಈ ಯಾವ ಹೆಸರೂ ಇಲ್ಲದೆ ಬರೀ "24 ವೋಲ್ಟ್ ಪಿಒಇ" ಅಂತ ಇದ್ದರೆ ಅದು ಪ್ಯಾಸಿವ್. ಅದು ಮುಟ್ಟಿ ನೋಡುವುದಿಲ್ಲ, ಕೇಳುವುದಿಲ್ಲ, ಸೀದಾ ಕರೆಂಟ್ ಬಿಡುತ್ತದೆ. ಬೇರೆ ಸಾಮಾನು ಚುಚ್ಚಿದರೆ ಹೊಗೆ ಬಂದರೂ ಬಂತು. ಅಗ್ಗ ಅಂತ ಅದನ್ನು ತಂದು ಇದರ ಜೊತೆ ಬೆರೆಸಬೇಡಿ.

ಬೀಗದ ವಿಷಯ ಮರೆಯಬೇಡಿ. ಈ ಪುಟ ಕೈಗೆ ಸಿಕ್ಕವರು ಎಲ್ಲ ಕ್ಯಾಮೆರಾ ಆರಿಸಬಹುದು. ಡಬ್ಬಿಯಿಂದ ಬಂದಾಗ ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಮೊದಲು ಅದನ್ನು ಬದಲಾಯಿಸಿ. ಮದುವೆಗೆ ಬಂದವರ ವೈಫೈಯನ್ನು ಬೇರೆ ವಿಲ್ಯಾನ್‌ಗೆ, ಅಂದರೆ ಅದೇ ಸ್ವಿಚ್ಚಿನೊಳಗೆ ಗೋಡೆ ಹಾಕಿ ಬೇರೆ ಮಾಡಿದ ನೆಟ್‌ವರ್ಕಿಗೆ ಹಾಕಿ, ಅಲ್ಲಿಂದ ಈ ಪುಟಕ್ಕೆ ದಾರಿ ಇರಬಾರದು. ನಾನು ಮೈಸೂರಿನಿಂದ ಬರುವುದು ವಿಪಿಎನ್ ಮೂಲಕ, ಅಂದರೆ ಇಂಟರ್‌ನೆಟ್ಟಿನೊಳಗೇ ಬೀಗ ಹಾಕಿದ ಖಾಸಗಿ ದಾರಿಯಲ್ಲಿ. ನೇರ ಇಂಟರ್‌ನೆಟ್ಟಿಗೆ ತೆರೆದಿಡುವುದು ತಿಜೋರಿ ಬೀಗದ ಕೈಯನ್ನು ಹೊಸ್ತಿಲ ಮೇಲಿಟ್ಟ ಹಾಗೆ.

ಒಂದು ಲಾಭ ನಾನು ಮೊದಲು ಯೋಚಿಸಿಯೇ ಇರಲಿಲ್ಲ. ಎಲ್ಲರಿಗೂ ಕರೆಂಟ್ ಇಲ್ಲಿಂದಲೇ ಹೋಗುವುದರಿಂದ ಈ ಒಂದು ಡಬ್ಬಿ, ರೌಟರ್, ರೆಕಾರ್ಡರ್ ಮೂರನ್ನು ಯುಪಿಎಸ್ ಮೇಲೆ ಹಾಕಿದರೆ ಗೇಟಿನವರೆಗೂ ಎಲ್ಲ ಬದುಕಿರುತ್ತದೆ. ನಮ್ಮ ಯುಪಿಎಸ್‌ನಲ್ಲಿ 12 ವೋಲ್ಟ್ 7 ಆಂಪ್-ಅವರ್ ಬ್ಯಾಟರಿ ಎರಡಿವೆ. ಕಾಗದದ ಮೇಲೆ 168 ವ್ಯಾಟ್-ಅವರ್, ಕೈಗೆ ಅಷ್ಟು ಬರುವುದಿಲ್ಲ. ರಾತ್ರಿ ಹೊತ್ತು ಪರೀಕ್ಷೆ ಮಾಡಿದಾಗ ಐವತ್ತು ನಿಮಿಷ ತಡೆಯಿತು. ಜನರೇಟರ್ ಕೀಲಿ ಯಾರ ಹತ್ತಿರ ಇದೆ ಅಂತ ಹುಡುಕಲು ಅಷ್ಟು ಸಾಕು.

ಒಟ್ಟಿನಲ್ಲಿ ಐದಕ್ಕೆ ನಾಲ್ಕು ಕೊಡುತ್ತೇನೆ. ಮನೆಗೆ ಎರಡು ಮೂರು ಕ್ಯಾಮೆರಾ ಹಾಕುವವರಿಗೆ ಇದು ಬೇಡ, ಮ್ಯಾನೇಜ್ಡ್ ಅಲ್ಲದ ನಾಲ್ಕು ಪೋರ್ಟಿನದು ಸಾಕು, ವ್ಯಾಟ್ ಮಾತ್ರ ಓದಿ ತಗೊಳ್ಳಿ. ಛತ್ರ, ಲಾಡ್ಜ್, ಹಾಸ್ಟೆಲ್, ಊರಾಚೆ ಆಲೆಮನೆ, ನೀವು ಒಂದು ಊರಲ್ಲಿ ಸಾಮಾನು ಇನ್ನೊಂದು ಊರಲ್ಲಿ ಅನ್ನುವ ಪರಿಸ್ಥಿತಿ ಇದ್ದರೆ ಕಣ್ಣು ಮುಚ್ಚಿ ಮ್ಯಾನೇಜ್ಡ್ ತಗೊಳ್ಳಿ. ಮಂಡ್ಯ-ಮೈಸೂರು ಓಡಾಟದಲ್ಲಿ ಉಳಿದ ಪೆಟ್ರೋಲ್ ಲೆಕ್ಕ ಹಾಕಿದರೆ ನನಗೆ ಇದರ ದುಡ್ಡು ಹೆಚ್ಚುಕಡಿಮೆ ವಾಪಸ್ ಬಂದಿದೆ.

ಪಾರ್ಕಿಂಗ್ ಕ್ಯಾಮೆರಾ ಆರು ತಿಂಗಳಿಂದ ರಾತ್ರಿಯೆಲ್ಲ ಎದ್ದೇ ಇದೆ. ಈಗ ಶ್ರಾವಣದ ಲಗ್ನ ಶುರು. ಅಡುಗೆಮನೆಗೂ ಒಂದು ಕ್ಯಾಮೆರಾ ಬೇಕು ಅಂತ ಅಪ್ಪ ಹೇಳುತ್ತಿದ್ದಾರೆ. ಪುಟ ತೆರೆದು ನೋಡಿದೆ, ರಾತ್ರಿ ಹೊತ್ತೂ 50 ವ್ಯಾಟ್ ಮಿಕ್ಕಿದೆ. ಹಿಂದೆ ತೂತಿತ್ತು, ವ್ಯಾಟ್ ಇರಲಿಲ್ಲ. ಈಗ ವ್ಯಾಟ್ ಇದೆ, ತೂತಿಲ್ಲ.